ಸಂಸತ್ತು ಬೇಡವೆಂದದ್ದು ಹಿತ್ತಿಲ ಬಾಗಿಲಿನಿಂದ ಬರಬಾರದು

ಸಾಫ್ಟ್‌ವೇರ್‌ಗೆ ಪೇಟೆಂಟ್ ಕೊಡಬೇಕೆ ಎಂಬ ಪ್ರಶ್ನೆಗೆ ಈ ದೇಶದ ಸಂಸತ್ತು 2005ರಲ್ಲೇ ಉತ್ತರ ಹೇಳಿದೆ. ಅದಕ್ಕೂ ಮೊದಲು, 2004ರ ಡಿಸೆಂಬರ್ ಕೊನೆಯಲ್ಲಿ, ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಹಾರ್ಡ್‌ವೇರ್ ಜೊತೆ ಸೇರಿದ ಅಥವಾ ಉದ್ಯಮದಲ್ಲಿ ತಾಂತ್ರಿಕವಾಗಿ ಬಳಕೆಯಾಗುವ ಪ್ರೋಗ್ರಾಂಗಳಿಗೆ ಪೇಟೆಂಟಿನ ಬಾಗಿಲು ತೆರೆದಿತ್ತು. ಎಡಪಕ್ಷಗಳೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಪಟ್ಟು ಹಿಡಿದರು. ಮಾರ್ಚ್‌ನಲ್ಲಿ ಮಸೂದೆ ಪಾಸಾಗುವ ಹೊತ್ತಿಗೆ ಆ ಮಾತು ಪೇಟೆಂಟ್ ಕಾಯ್ದೆಯಿಂದ ಹೊರಬಿತ್ತು. ಗಣಿತ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವು ಆವಿಷ್ಕಾರವಲ್ಲ ಎನ್ನುವ 3(ಕೆ) ಕಲಮು ಹಾಗೇ ಉಳಿಯಿತು. ಅದೇ ವರ್ಷದ ಜುಲೈನಲ್ಲಿ ಯುರೋಪಿನ ಸಂಸತ್ತು ಕೂಡ ಇಂಥದ್ದೇ ಪ್ರಸ್ತಾವವನ್ನು 648 ಮತಗಳಿಂದ ತಿರಸ್ಕರಿಸಿತು. ಅದರ ಪರ ಬಿದ್ದದ್ದು 14 ಮತ.

ಸಂಸತ್ತಿನಲ್ಲಿ ಸೋತದ್ದು ಅಂದಿನಿಂದ ಪೇಟೆಂಟ್ ಕಚೇರಿಯ ಮಾರ್ಗಸೂಚಿಗಳಲ್ಲಿ ತಲೆ ಎತ್ತುತ್ತಿದೆ. 2015ರ ಆಗಸ್ಟ್‌ನಲ್ಲಿ ಬಂದ ಮಾರ್ಗಸೂಚಿ ಬಾಗಿಲನ್ನು ಅರ್ಧ ತೆರೆಯಿತು. ವಿರೋಧದ ಪತ್ರಗಳು ಪ್ರಧಾನಿ ಕಚೇರಿ ಮುಟ್ಟಿದ ಮೇಲೆ ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿದರು. 2016ರ ಫೆಬ್ರುವರಿಯಲ್ಲಿ ಸರಿಯಾದ ಕಟ್ಟಳೆಯೇ ಬಂತು: ಪ್ರೋಗ್ರಾಂ ಜೊತೆ ಹೊಸ ಹಾರ್ಡ್‌ವೇರ್ ಇಲ್ಲದಿದ್ದರೆ ಪೇಟೆಂಟ್ ಇಲ್ಲ. ಅದು ಬಾಳಿದ್ದು ಒಂದೂವರೆ ವರ್ಷವೂ ಅಲ್ಲ. 2017ರ ಜೂನ್‌ನಲ್ಲಿ ಆ ಷರತ್ತನ್ನೇ ಕಿತ್ತುಹಾಕಿದರು. 2019ರಲ್ಲಿ ದೆಹಲಿ ಹೈಕೋರ್ಟ್, ಪ್ರೋಗ್ರಾಂನಿಂದ ‘ತಾಂತ್ರಿಕ ಪರಿಣಾಮ’ ಉಂಟಾದರೆ ಪೇಟೆಂಟ್ ಕೊಡಬಹುದು ಎಂದಿತು. ಯಾವ ಪ್ರೋಗ್ರಾಂನಿಂದ ಪರಿಣಾಮ ಉಂಟಾಗುವುದಿಲ್ಲ? ಕಲಮು ಕಾಗದದ ಮೇಲಿದೆ, ಅದರ ಹಲ್ಲು ಒಂದೊಂದಾಗಿ ಉದುರುತ್ತಿದೆ. ಜನಪ್ರತಿನಿಧಿಗಳು ಮತ ಹಾಕಿ ಬೇಡವೆಂದದ್ದನ್ನು ಅಧಿಕಾರಿಗಳ ಸುತ್ತೋಲೆ ಕೊಡಕೂಡದು. ನನ್ನ ತಕರಾರಿನ ತಿರುಳು ಇಷ್ಟೇ.

ಇದು ಬೆಂಗಳೂರಿನವರ ಜಗಳ, ಸುರಪುರ ಸೀಮೆಯವರಿಗೇಕೆ ಎನ್ನುವವರು ತಿಂಥಣಿಯ ಮೌನೇಶ್ವರ ಸನ್ನಿಧಿಗೆ ಬಂದು ನೋಡಲಿ. ಮೌನೇಶ್ವರರು ವಿಶ್ವಕರ್ಮ ಕುಲದಲ್ಲಿ ಹುಟ್ಟಿದವರು. ಕೃಷ್ಣೆಯ ದಂಡೆಯ ಈ ಸನ್ನಿಧಿಗೆ ಕಮ್ಮಾರರು, ಬಡಿಗೇರರು, ಕಂಚುಗಾರರು, ಶಿಲ್ಪಿಗಳು, ಅಕ್ಕಸಾಲಿಗರು ನಡೆದುಕೊಳ್ಳುತ್ತಾರೆ. ಕೈಕಸುಬಿನ ಈ ಜನ ಕೂರಿಗೆ ಮಾಡುವುದನ್ನು ಗಮನಿಸಿ. ಪಕ್ಕದೂರಿನ ಕೂರಿಗೆ ನೋಡಿ ಬಂದ ಬಡಿಗ ತೊಗರಿಗೆ ತಾಳುಗಳ ನಡುವಿನ ಅಂತರ ಹಿಗ್ಗಿಸುತ್ತಾನೆ, ಜೋಳಕ್ಕೆ ಕುಗ್ಗಿಸುತ್ತಾನೆ. ಮರ ಅವನದು, ಕೆಲಸ ಅವನದು, ಕೂಲಿ ಅವನದು. ಆದರೆ ಸಾಲು ಹಿಡಿದು ಬಿತ್ತುವ ಉಪಾಯ ಯಾರೊಬ್ಬರದೂ ಅಲ್ಲ. ಪ್ರೋಗ್ರಾಂ ಬರೆಯುವುದೂ ಇದೇ ಬಗೆಯ ಕಸುಬು.

ಸುರಪುರದ ಒಂದು ಅಡತಿ ಅಂಗಡಿಗೆ ಇಲ್ಲಿನ ಹುಡುಗನೊಬ್ಬ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಾನೆನ್ನಿ. ಹತ್ತಿ ಚೀಲದ ತೂಕ, ಅದರಲ್ಲಿ ಖಾಲಿ ಚೀಲದ ತೂಕ ವಜಾ, ಹಮಾಲಿ, ತೂಕದ ಕೂಲಿ, ರೈತ ಮೊದಲೇ ಒಯ್ದ ಮುಂಗಡ, ಎಲ್ಲ ಕಳೆದು ಕೈಗೆ ಬರುವ ಪಟ್ಟಿ. ಇದರೊಳಗಿನ ಯಾವುದೋ ಒಂದು ಹೆಜ್ಜೆಗೆ ಯಾರೋ ಪೇಟೆಂಟ್ ಪಡೆದಿದ್ದರೆ, ಅದನ್ನು ಕಣ್ಣಿಂದ ನೋಡದೆ ಸ್ವಂತ ಬುದ್ಧಿಯಿಂದ ಬರೆದೆ ಎಂಬ ವಾದ ನಡೆಯುವುದಿಲ್ಲ. ಪೇಟೆಂಟ್ ಕಾನೂನಿನಲ್ಲಿ ಸ್ವತಂತ್ರವಾಗಿ ಕಂಡುಕೊಂಡದ್ದೂ ಉಲ್ಲಂಘನೆಯೇ, ಅದೂ 20 ವರ್ಷಗಳವರೆಗೆ. ಪೇಟೆಂಟ್ ಕೊಡುವ ಮುನ್ನ ಆಕ್ಷೇಪ ಸಲ್ಲಿಸೋಣವೆಂದರೆ ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಚೆನ್ನೈ ವಕೀಲರ ಫೀಸು ಕಟ್ಟುವಷ್ಟು ಲಾಭ ಯಾವ ಅಡತಿ ಸಾಫ್ಟ್‌ವೇರ್‌ನಲ್ಲಿದೆ?

ಇದು ಬರೀ ಊಹೆ ಎನ್ನುವಂತಿಲ್ಲ. ಅಮೆರಿಕದಲ್ಲಿ ಒಂದೇ ಕ್ಲಿಕ್ಕಿಗೆ ಸಾಮಾನು ಕೊಳ್ಳುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಪೇಟೆಂಟ್ ಪಡೆದು 2017ರವರೆಗೆ ಹಿಡಿದಿಟ್ಟುಕೊಂಡಿತು. ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಕೆ.ಪಿ. ರಾವ್ ಕನ್ನಡಕ್ಕೆ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ರೂಪಿಸಿದರು, ಪೇಟೆಂಟ್ ಮಾಡಿಸಲಿಲ್ಲ. ಅದನ್ನಾಧರಿಸಿದ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ‘ನುಡಿ’ಯಲ್ಲಿ ತಂದಿತು, ‘ಬರಹ’ದಲ್ಲೂ ಅದು ಬಂತು, ಲಿನಕ್ಸ್‌ನಲ್ಲಿ ಪರಿಷತ್ತಿನ ಮೊದಲಕ್ಷರಗಳ ‘ಕಗಪ’ ಹೆಸರಲ್ಲೇ ಇದೆ. ಕನ್ನಡ ಪತ್ರಿಕೆಗಳು, ತಹಶೀಲ್ದಾರ್ ಕಚೇರಿಯ ಕಡತಗಳು, ತಾಲ್ಲೂಕು ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗಳು ಕಂಪ್ಯೂಟರ್ ಹತ್ತಿದ್ದು ಆ ಔದಾರ್ಯದ ಮೇಲೆ. ಅಲ್ಲೊಬ್ಬ ಪೇಟೆಂಟ್‌ದಾರ ಕೂತಿದ್ದರೆ ಪ್ರತಿ ತಂತ್ರಾಂಶವೂ ಅವನಿಗೆ ಸುಂಕ ಕಟ್ಟಬೇಕಿತ್ತು.

ಪೇಟೆಂಟ್ ಇಲ್ಲದೆ ಹೊಸತನಕ್ಕೆ ರಕ್ಷಣೆ ಇಲ್ಲ ಎಂಬುದು ಕಂಪನಿಗಳ ವಾದ. ರಕ್ಷಣೆ ಇದೆ. ಬರೆದ ಕೋಡ್ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯ ಕೃತಿಯಂತೆಯೇ ಬರೆದವರ ಸ್ವತ್ತು. ಅದಕ್ಕೆ ಅರ್ಜಿ ಬೇಡ, ಫೀಸು ಬೇಡ. ಕದ್ದು ನಕಲು ಮಾಡಿದವನನ್ನು ಅದರಲ್ಲೇ ಹಿಡಿಯಬಹುದು. ಇನ್ಫೊಸಿಸ್ ಬೆಳೆದದ್ದು, ಬೆಂಗಳೂರಿನ ಟ್ಯಾಲಿ ತಾಲ್ಲೂಕು ಊರುಗಳ ಅಂಗಡಿ ಹೊಕ್ಕದ್ದು ಬರೀ ಪ್ರೋಗ್ರಾಂಗೆ ಪೇಟೆಂಟ್ ಸಿಗದ ಕಾಲದಲ್ಲಿ.

2021ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೇ ಕೃತಕ ಬುದ್ಧಿಮತ್ತೆಯ ನೆಪದಲ್ಲಿ 3(ಕೆ) ಮರುಪರಿಶೀಲಿಸಿ ಎಂದಿದೆ. ಹಾಗಾದರೆ ಅದು ಸದನದಲ್ಲೇ ಆಗಲಿ, ಎಲ್ಲರ ಎದುರು. ರಾಯಚೂರು ಲೋಕಸಭಾ ಕ್ಷೇತ್ರದ ನಮ್ಮ ಸಂಸದರು ಕೇಳಬೇಕಾದದ್ದು ಎರಡು: 2016ರ ಹೊಸ ಹಾರ್ಡ್‌ವೇರ್ ಷರತ್ತನ್ನು ಮಾರ್ಗಸೂಚಿಗೆ ಮರಳಿ ತರಬೇಕು, ಮುಂದಿನ ಯಾವುದೇ ಕರಡನ್ನು ಕನ್ನಡದಲ್ಲೂ ಪ್ರಕಟಿಸಿ, ಕಲಬುರಗಿಯಲ್ಲೊಂದು ಸಾರ್ವಜನಿಕ ವಿಚಾರಣೆ ನಡೆಸದೆ ಜಾರಿಗೆ ತರಬಾರದು.