ಪೆಟ್ರೋಲಿಗೆ ಎಥನಾಲ್ ಬೆರೆಸಿದ್ದಾಯಿತು, ಡೀಸೆಲ್ ಗತಿಯೇನು?

ತೈಲದ ಆಮದು ಅವಲಂಬನೆಯನ್ನು 2022ರೊಳಗೆ ಶೇ. 10ರಷ್ಟು ತಗ್ಗಿಸಬೇಕೆಂದು ಪ್ರಧಾನಿ ನರೇಂದ್ರ ಮೋದಿಯವರು 2015ರ ಮಾರ್ಚ್‌ನಲ್ಲಿ ಕರೆ ನೀಡಿದ್ದರು. ಆಗ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 77ರ ಸುಮಾರು ಹೊರಗಿನಿಂದ ಬರುತ್ತಿತ್ತು. 2024-25ರಲ್ಲಿ ಅದು ಶೇ. 88ಕ್ಕೆ ಮುಟ್ಟಿತು. ಇಳಿಯಬೇಕಾದದ್ದು ಏರಿತು.

ಸರಕಾರ ಕೈಕಟ್ಟಿ ಕುಳಿತಿತ್ತೆಂದು ನಾವು ಹೇಳುತ್ತಿಲ್ಲ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸಲು ಮೊದಲು ಇಟ್ಟುಕೊಂಡ ಗಡುವು 2030. 2025ರಲ್ಲೇ ಆ ಗುರಿ ಮುಟ್ಟಲಾಯಿತು. ಸಕ್ಕರೆ ಕಾರ್ಖಾನೆಗಳಿಗೆ ಹೊಸ ಆದಾಯದ ದಾರಿಯೂ ತೆರೆಯಿತು. ಆದರೆ ಲೆಕ್ಕ ನೋಡಿ. ದೇಶ ಬಳಸುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಡೀಸೆಲ್‌ನ ಪಾಲು ಶೇ. 40ರ ಹತ್ತಿರ, ಪೆಟ್ರೋಲಿನದು ಆರರಲ್ಲಿ ಒಂದರಷ್ಟು ಮಾತ್ರ. ಅದರ ಐದನೆಯ ಒಂದಂಶವನ್ನು ಬದಲಿಸಿದರೆ ಒಟ್ಟಿನಲ್ಲಿ ಉಳಿಯುವುದು ನೂರಕ್ಕೆ ಮೂರು. ಅದೂ ಪೂರ್ತಿ ಉಳಿಯದು, ಏಕೆಂದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಕಡಿಮೆ.

ಇದಕ್ಕೆ ತೆರುವ ಬೆಲೆಯಾದರೂ ಎಷ್ಟು! ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ, ಸಕ್ಕರೆ ಸಾಲದೆಂಬ ಅಂಜಿಕೆಯಿಂದ, ಕಬ್ಬಿನ ರಸವನ್ನು ಎಥನಾಲಿಗೆ ಬಳಸದಂತೆ ಕೇಂದ್ರವೇ ತಡೆಯಬೇಕಾಯಿತು.

ನಮ್ಮ ಕರಾವಳಿಯನ್ನೇ ನೋಡೋಣ. ಮಲ್ಪೆಯ ಟ್ರಾಲ್ ಬೋಟುಗಳೂ ಹೆದ್ದಾರಿಯ ಲಾರಿಗಳೂ ಓಡುವುದು ಡೀಸೆಲಿನಿಂದ. ಎಥನಾಲ್ ಅವುಗಳ ಟ್ಯಾಂಕಿಗೆ ತಲುಪಿಲ್ಲ. ಮಂಗಳೂರು, ಪಾದೂರುಗಳಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಒಟ್ಟು 40 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಹುದು. ಆಪತ್ಕಾಲಕ್ಕೆ ಅವು ಬೇಕೇ ಬೇಕು; ಆದರೆ ಕೂಡಿಟ್ಟ ಮಾತ್ರಕ್ಕೆ ಖರ್ಚು ತಗ್ಗುವುದಿಲ್ಲ.

ಡೀಸೆಲ್ ನಿಜವಾಗಿ ಉಳಿಸಿದ ಕೆಲಸವೊಂದು ಇಲ್ಲಿಯೇ ಹೆಚ್ಚು ಸದ್ದಿಲ್ಲದೆ ನಡೆದಿದೆ. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲ್ವೆಯ ವಿದ್ಯುದೀಕರಣ 2022ರಲ್ಲಿ ಮುಗಿಯಿತು. ಸುರತ್ಕಲ್‌ನಲ್ಲಿ ಲಾರಿಗಳೇ ರೈಲಿನ ಮೇಲೇರಿ, ಎಂಜಿನ್ ಆರಿಸಿ, ಮಹಾರಾಷ್ಟ್ರದ ಕೋಲಾಡ್‌ವರೆಗೆ ಸಾಗುತ್ತವೆ. ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆಂಬ ಆಕ್ಷೇಪ ಸರಿಯೇ, ಆದರೆ ತೈಲದಿಂದಲ್ಲವಷ್ಟೆ.

ತೊಡಕಿರುವುದು ಹಳಿಯಲ್ಲಿ. ರೋಹಾ-ವೀರ್ ನಡುವಿನ ತುಂಡು ಬಿಟ್ಟರೆ ಈ ದಾರಿ ಹೆಚ್ಚಾಗಿ ಒಂಟಿ ಹಳಿಯದು. ಇನ್ನಷ್ಟು ಲಾರಿಗಳನ್ನು ರಸ್ತೆಯಿಂದ ಎತ್ತಬೇಕಾದರೆ ಎರಡನೆಯ ಹಳಿ ಬೇಕು. ಎಥನಾಲಿಗೆ ಐದು ವರ್ಷ ಮುಂಚೆಯೇ ಗುರಿ ಮುಟ್ಟಿಸಿದ ಸರಕಾರ ಈ ಹಳಿಗೆ ಯಾವ ಗಡುವು ಇಡುತ್ತದೆಂದು ಕರಾವಳಿಯ ಸಂಸದರು ಕೇಳಬೇಕಾಗಿದೆ.