ನಿಲ್ಲಿ ಎನ್ನುತ್ತೀರಲ್ಲ, ಯಾವ ಕುರ್ಚಿಗೆ?

ಚುನಾವಣೆ ಹತ್ತಿರ ಬಂದರೆ ಸಾಕು, ನಮ್ಮ ಜಿಲ್ಲಾಡಳಿತಗಳಿಗೆ ಆದಿವಾಸಿಗಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಅವರು ವಾಸಿಸುವ ಹಾಡಿ, ಪೋಡುಗಳಲ್ಲಿ 'ಬುಡಕಟ್ಟು ಶೈಲಿಯ ಮತಗಟ್ಟೆ' ಎದ್ದು ನಿಲ್ಲುತ್ತದೆ. ಬಿದಿರಿನ ಚಪ್ಪರ, ಸೊಪ್ಪಿನ ತೋರಣ, ಗೋಡೆಯ ಮೇಲೆ ಬಿಲ್ಲು ಬಾಣ ಹಿಡಿದವರ ಚಿತ್ರ. ಬಾಗಿಲಲ್ಲಿ ಒಬ್ಬ ಅಜ್ಜಿಯನ್ನು ನಿಲ್ಲಿಸಿ, ಶಾಯಿ ಹಚ್ಚಿದ ಬೆರಳು ಎತ್ತಿಸಿ ಒಂದು ಫೋಟೊ. ಆ ಚಪ್ಪರದ ಬಿದಿರನ್ನು ಅದೇ ಅಜ್ಜಿಯ ಮೊಮ್ಮಗ ತನ್ನ ಗುಡಿಸಲಿಗೆಂದು ಕಡಿದು ತಂದಿದ್ದರೆ ಏನಾಗುತ್ತಿತ್ತು ಎಂದು ಮಾತ್ರ ಕೇಳಬೇಡಿ. ಪ್ರಜಾಪ್ರಭುತ್ವದ ಹಬ್ಬದ ದಿನ ಕೇಸು, ಜಾಮೀನಿನ ಮಾತೇಕೆ?

ಹಬ್ಬ ಮುಗಿದ ಮೇಲೆ ಉಪದೇಶದ ಸರದಿ. ಜಾಗೃತಿ ಶಿಬಿರ, ಕಾರ್ಯಾಗಾರ, ಉಪ್ಪಿಟ್ಟು ಕೇಸರಿಬಾತು. ವೇದಿಕೆ ಮೇಲಿನವರ ಮಾತು ಎಲ್ಲರಿಗೂ ಬಾಯಿಪಾಠ: ಗಿರಿಜನರು ಮುಖ್ಯವಾಹಿನಿಗೆ ಬರಬೇಕು, ಕೀಳರಿಮೆ ಬಿಡಬೇಕು, ಚುನಾವಣೆಗೆ ನಿಲ್ಲಬೇಕು, ಅವರಲ್ಲಿ ನಾಗರಿಕ ಪ್ರಜ್ಞೆ ಮೂಡಬೇಕು. ನಿಲ್ಲಬೇಕಂತೆ! ಸ್ವಾಮಿ, ನಿಲ್ಲುವುದಕ್ಕೆ ಚುನಾವಣೆ ಎಲ್ಲಿತ್ತು?

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳ ಮೇಲೆ ಆಡಳಿತಾಧಿಕಾರಿಗಳು. ಕ್ಷೇತ್ರ ಮರುವಿಂಗಡಣೆ ಆಗಬೇಕು ಎಂದರು, ಅದಕ್ಕೊಂದು ಆಯೋಗ ಎಂದರು, ಮೀಸಲಾತಿ ಪಟ್ಟಿ ಎಂದರು, ಕೋರ್ಟು ಎಂದರು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು, ನೆಪಗಳ ಕಡತ ಮಾತ್ರ ಹಾಗೆಯೇ ಕೈ ಬದಲಾಯಿಸಿತು. ಈ ವಿಷಯದಲ್ಲಿ ನಮ್ಮ ಪಕ್ಷಗಳ ನಡುವೆ ಎಂಥ ಅನ್ಯೋನ್ಯತೆ! ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ಓಡಾಡುವುದೇ ಬೇಡ. ಊರಿನವರ ಪಾಡೇ ಹೀಗಿರುವಾಗ ಹಾಡಿಯವರ ಪಾಡು ಕೇಳಬೇಕೆ?

ಕೇಳಲೇಬೇಕು. ಏಕೆಂದರೆ ಈ ಖಾಲಿ ಕುರ್ಚಿಗಳ ನಷ್ಟ ಊರಿನವರಿಗೆ ಒಂದು ಪಾಲಾದರೆ ಕಾಡಿನವರಿಗೆ ಎರಡು ಪಾಲು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಾಡಿಯವರ ಅರ್ಜಿ ಮೊದಲು ಗ್ರಾಮಸಭೆಯಲ್ಲಿ ತೀರ್ಮಾನವಾಗಬೇಕು, ನಂತರ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬೇಕು. ಆ ಎರಡೂ ಸಮಿತಿಗಳಲ್ಲಿ ಅಧಿಕಾರಿಗಳ ಜೊತೆಗೆ ಮೂವರು ಪಂಚಾಯಿತಿ ಸದಸ್ಯರಿರಬೇಕು, ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಪಂಗಡದವರು. ಕೆಳಗಿನದಕ್ಕೆ ತಾಲ್ಲೂಕು ಪಂಚಾಯಿತಿಯವರು, ಮೇಲಿನದಕ್ಕೆ ಜಿಲ್ಲಾ ಪಂಚಾಯಿತಿಯವರು. ಪಂಚಾಯಿತಿಯೇ ಇಲ್ಲದ ಮೇಲೆ ಸದಸ್ಯರು ಆಕಾಶದಿಂದ ಇಳಿಯುತ್ತಾರೆಯೇ? ಹಾಡಿಯ ಪರವಾಗಿ ಒಂದು ಮಾತು ಆಡಬೇಕಾದ ಜಾಗ ಖಾಲಿ. ಉಳಿದವರು ಯಾರು? ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಪಕ್ಕದಲ್ಲಿ ಅರಣ್ಯಾಧಿಕಾರಿ. ಜಮೀನು ನನ್ನದೆಂದು ಹೇಳುವ ಇಲಾಖೆ ಪಂಚಾಯ್ತಿಕಟ್ಟೆಯ ಮೇಲೆ ಕೂತಿದೆ, ಅಲ್ಲಿ ಕೂರಬೇಕಾದ ಜೇನುಕುರುಬನಿಗೆ ಜಾಗೃತಿ ಶಿಬಿರದಲ್ಲಿ ಪ್ರಜಾಪ್ರಭುತ್ವ ಎಂದರೇನೆಂದು ಪಾಠ ನಡೆಯುತ್ತಿದೆ.

ಫಲಿತಾಂಶ ನೋಡಿ. ಈ ಕಾಯ್ದೆಯಡಿ ರಾಜ್ಯದಲ್ಲಿ ಬಂದ ಅರ್ಜಿಗಳು ಸುಮಾರು 2.9 ಲಕ್ಷ. ಹಕ್ಕುಪತ್ರ ಸಿಕ್ಕಿದ್ದು ಸುಮಾರು 16 ಸಾವಿರಕ್ಕೆ. ನೂರಕ್ಕೆ ಆರು ಕೂಡ ಇಲ್ಲ. ಅರ್ಜಿ ಹಾಕಿದವರಲ್ಲಿ ಮಲೆನಾಡಿನ, ಉತ್ತರ ಕನ್ನಡದ ಇತರ ಅರಣ್ಯವಾಸಿಗಳೇ ಹೆಚ್ಚು, ನಿಜ. ಅವರದ್ದು ಬೇರೆಯೇ ಕಥೆ, ಅದೂ ಕಣ್ಣೀರಿನದೇ. ಆದರೂ ನೂರಕ್ಕೆ ಆರೂ ಇಲ್ಲ! ಎಸ್ಸೆಸ್ಸೆಲ್ಸಿಯಲ್ಲಿ ಒಂದು ಶಾಲೆಯ ಫಲಿತಾಂಶ ಹೀಗೆ ಬಂದರೆ ಮೇಷ್ಟರಿಗೆ ನೋಟಿಸು ಹೋಗುತ್ತದೆ. ಇಲ್ಲಿ ಮೇಷ್ಟರು ಆರಾಮಾಗಿದ್ದಾರೆ, ಮಕ್ಕಳಿಗೆ ಪ್ರಜ್ಞೆ ಸಾಲದು ಎಂದು ಷರಾ ಬರೆದಿದ್ದಾರೆ.

ಅರ್ಜಿ ತಿರಸ್ಕರಿಸುವ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಕಾಯ್ದೆಯ ನಿಯಮಗಳು ಉದಾರವಾಗಿವೆ. ಹಳೆಯ ಮನೆಯ ಪಾಯ, ಬಾವಿ, ಸಮಾಧಿ, ದೇವರ ಬನ ಎಲ್ಲವೂ ಸಾಕ್ಷಿ. ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ. ಓದು ಬಾರದ ಜನರಿಗಾಗಿ ಯಾರೋ ಪುಣ್ಯಾತ್ಮರು ಯೋಚಿಸಿ ಬರೆದ ನಿಯಮ ಅದು. ಈಗ ಕಚೇರಿಗೆ ಬನ್ನಿ. ಅಜ್ಜ ತನ್ನ ಅಪ್ಪನನ್ನು ಮಣ್ಣು ಮಾಡಿದ ಜಾಗ ತೋರಿಸಿದ್ದಾನೆ, ಹಾಡಿಯವರು ಸಭೆ ಸೇರಿ ಠರಾವು ಮಾಡಿದ್ದಾರೆ, ಹೆಬ್ಬೆಟ್ಟು ಒತ್ತಿದ್ದಾರೆ. ಕಡತದ ಮೇಲೆ ಒಂದು ಸಾಲು: 'ಸೂಕ್ತ ದಾಖಲೆ ಇಲ್ಲ'. ಅದೇ ಸಾಲು ಮುಂದಿನ ಅರ್ಜಿಗೆ, ಅದರ ಮುಂದಿನದಕ್ಕೂ. ಕಾಡಿನೊಳಗೆ ಹುಟ್ಟಿದವನು ಉಪಗ್ರಹ ಚಿತ್ರ ತರಬೇಕು! ಹೊರಗೆ ಹಾಕುವ ದಿನ ಮಾತ್ರ ಅವನು ಅಲ್ಲೇ ಇದ್ದ ಎನ್ನುವುದಕ್ಕೆ ಇಲಾಖೆಗೆ ಯಾವ ದಾಖಲೆಯೂ ಬೇಡ.

'ಗ್ರಾಮ ಪಂಚಾಯಿತಿ ಇದೆಯಲ್ಲ, ಅದಕ್ಕೆ ನಿಲ್ಲಲಿ' ಎನ್ನುವವರಿದ್ದಾರೆ. ನಿಂತಿದ್ದಾರೆ, ಗೆದ್ದೂ ಇದ್ದಾರೆ. ಗೆದ್ದು ಏನು ಮಾಡಬೇಕು? ರಾಷ್ಟ್ರೀಯ ಉದ್ಯಾನದೊಳಗಿನ ಹಾಡಿಗೆ ನೀರಿನ ಪೈಪು ಎಳೆಯಬೇಕಾದರೂ ಅರಣ್ಯ ಇಲಾಖೆ ತಲೆಯಾಡಿಸಬೇಕು. ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು ಹೀಗೆ ಹದಿಮೂರು ಬಗೆಯ ಕೆಲಸಕ್ಕೆ ತಲಾ ಒಂದು ಹೆಕ್ಟೇರಿನೊಳಗೆ ಅರಣ್ಯ ಭೂಮಿ ಬಿಟ್ಟುಕೊಡಬಹುದು, ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು ಎಂದು ಅದೇ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ಎಷ್ಟು ಹಾಡಿಗಳ ಗ್ರಾಮಸಭೆಯನ್ನು ಕೇಳಿದ್ದೀರಿ? ಎಷ್ಟು ಹಾಡಿಗಳಿಗೆ ಇಂಥದ್ದೊಂದು ದಾರಿ ಇದೆಯೆಂದು ನಿಮ್ಮ ಶಿಬಿರಗಳಲ್ಲಿ ಹೇಳಿದ್ದೀರಿ?

ಮೀಸಲು ಸ್ಥಾನದ ಲೆಕ್ಕವನ್ನೂ ಮುಚ್ಚಿಡಬೇಕಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಜನಸಂಖ್ಯೆ ಸುಮಾರು 42.5 ಲಕ್ಷ. ಅದರಲ್ಲಿ ನಾಯಕ ಸಮುದಾಯವೊಂದೇ ಮುಕ್ಕಾಲಿಗೂ ಮೀರಿದೆ. ಜೇನುಕುರುಬರು 36 ಸಾವಿರದಷ್ಟು, ಕೊರಗರು 15 ಸಾವಿರವೂ ಇಲ್ಲ. ಇವರಿಬ್ಬರನ್ನೂ ಕೇಂದ್ರವೇ 'ವಿಶೇಷವಾಗಿ ದುರ್ಬಲ' ಎಂದು ಪಟ್ಟಿ ಮಾಡಿದೆ. ನಾಯಕರ ಮೇಲೆ ಬೆರಳು ತೋರಿಸುವ ಚಪಲ ನನಗಿಲ್ಲ, ಅವರ ಬಡತನವೂ ಸುಳ್ಳಲ್ಲ. ಆದರೆ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ 15 ಸ್ಥಾನ ಮೀಸಲಿವೆ, ಹಾಡಿಗಳೇ ತುಂಬಿರುವ ಎಚ್.ಡಿ. ಕೋಟೆಯೂ ಅದರಲ್ಲಿ ಒಂದು. ಅಲ್ಲಿಂದ ಗೆದ್ದು ಬಂದ ಜೇನುಕುರುಬರ, ಯರವರ, ಸೋಲಿಗರ ಹೆಸರು ನೆನಪಿಸಿಕೊಳ್ಳಿ ನೋಡೋಣ. ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ಹೋದರು, ಸಂತೋಷ. ಹೋದದ್ದು ನಾಮನಿರ್ದೇಶನದಿಂದ. ಎಚ್.ಡಿ. ಕೋಟೆಯ ಜೇನುಕುರುಬ ಮುಖಂಡ ಸೋಮಣ್ಣನವರಿಗೆ 2024ರಲ್ಲಿ ಪದ್ಮಶ್ರೀ ಕೊಟ್ಟರು, ಅದೂ ಸಂತೋಷವೇ. ಶಾಲು ಹೊದಿಸಲು ನಮಗೆ ಯಾವ ಅಡ್ಡಿಯೂ ಇಲ್ಲ. ಅಧಿಕಾರ ಹಂಚುವ ಮಾತು ಬಂದಾಗ ಮಾತ್ರ ಕೈ ನಡುಗುತ್ತದೆ.

ಅಧಿಕಾರ ಹಂಚುವ ದಾರಿ ಸಂವಿಧಾನದಲ್ಲೇ ಇದೆ. ಹತ್ತು ರಾಜ್ಯಗಳಲ್ಲಿ ಆದಿವಾಸಿಗಳಿಗಾಗಿ ಗುರುತಿಸಿದ ಐದನೇ ಅನುಸೂಚಿಯ ಪ್ರದೇಶಗಳಿವೆ. ಅಲ್ಲಿ 1996ರ ಪೆಸಾ ಕಾಯ್ದೆಯಂತೆ ಪಂಚಾಯಿತಿಗಳ ಅರ್ಧದಷ್ಟಾದರೂ ಸ್ಥಾನ ಪರಿಶಿಷ್ಟ ಪಂಗಡದವರಿಗೆ, ಅಧ್ಯಕ್ಷ ಸ್ಥಾನ ಎಲ್ಲ ಹಂತದಲ್ಲೂ ಅವರಿಗೇ. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಆಂಧ್ರದಲ್ಲಿದೆ, ತೆಲಂಗಾಣದಲ್ಲಿದೆ, ಮಹಾರಾಷ್ಟ್ರದಲ್ಲಿದೆ, ಗಡಿ ದಾಟಿ ಇಲ್ಲಿಗೆ ಬಂದರೆ ಇಲ್ಲ. ನಮ್ಮ ಆದಿವಾಸಿಗಳು ಹಾಡಿ ಹಾಡಿಗಳಲ್ಲಿ ಚದುರಿದ್ದಾರೆ, ಒಂದೇ ಕಡೆ ಬಹುಸಂಖ್ಯಾತರಾಗಿಲ್ಲ ಎನ್ನುತ್ತಾರೆ. ಚದುರಿಸಿದವರು ಯಾರು? ನಾಗರಹೊಳೆಯಿಂದ ಒಕ್ಕಲೆಬ್ಬಿಸಿದ ಕುಟುಂಬಗಳು 3,418 ಎಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿಯೇ 2014ರಲ್ಲಿ ವರದಿ ಕೊಟ್ಟಿದೆ. ಮೊದಲು ಎಬ್ಬಿಸಿ ಕಾಫಿ ತೋಟದ ಲೈನ್‌ಮನೆಗಳಿಗೆ ಹಂಚುವುದು, ಆಮೇಲೆ ಒಂದೆಡೆ ಇಲ್ಲವಲ್ಲ ಎಂದು ಕೈ ಚೆಲ್ಲುವುದು.

ನಾಗರಿಕ ಪ್ರಜ್ಞೆಯ ಮಾತಿಗೆ ಬರುತ್ತೇನೆ, ಏಕೆಂದರೆ ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಅದೇ. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ, ರಾಷ್ಟ್ರೀಯ ಉದ್ಯಾನದ ಒಳಗೇ, ತಾಜ್ ಗುಂಪಿನ ರೆಸಾರ್ಟ್ ಏಳುತ್ತಿತ್ತು. ಜಾಗ ಕೊಟ್ಟದ್ದು ಸರ್ಕಾರವೇ. ಬೀದಿಗಿಳಿದವರು ಯಾರು? ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರು? ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ. 1997ರಲ್ಲಿ ಹೈಕೋರ್ಟ್ ಆ ಯೋಜನೆಗೆ ಬೀಗ ಹಾಕಿತು. ಕಾಡು ಉಳಿಸಿದ ಈ ಜನರಿಂದಲೇ ಕಾಡು ಉಳಿಸಬೇಕೆಂದು ಬೆಂಗಳೂರಿನ ವನ್ಯಜೀವಿ ಪ್ರೇಮಿಗಳು ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರುವರಿ 13ರಂದು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನೆಲ್ಲ ಹೊರಹಾಕಿ ಎಂಬ ಆದೇಶ ಬಂತು. ದೇಶದ ಉದ್ದಗಲಕ್ಕೂ ಕೂಗೆದ್ದ ಮೇಲೆ 28ರಂದು ತಡೆ. ಆ ಎರಡು ವಾರ ಹಾಡಿಗಳಲ್ಲಿ ಯಾರು ನಿದ್ದೆ ಮಾಡಿದ್ದಾರು? ಸಫಾರಿ ಜೀಪುಗಳು ಮಾತ್ರ ಹೊತ್ತಿಗೆ ಸರಿಯಾಗಿ ಹೊರಟವು. ವಾರಾಂತ್ಯಕ್ಕೆ ಕಬಿನಿ ಹಿನ್ನೀರಿನ ದಡದಲ್ಲಿ ರೂಮು ಹಿಡಿದು, ಬೆಳಿಗ್ಗೆ ಡೀಸೆಲ್ ವಾಹನದಲ್ಲಿ ಹುಲಿ ನೋಡಿ, ಸಂಜೆ ಬೆಂಕಿಯ ಸುತ್ತ ಕೂತು ಹಾಡಿಯವರ ಒಲೆಯ ಹೊಗೆಯಿಂದ ಕಾಡು ಹಾಳಾಯಿತೆಂದು ಮರುಗುವ ಈ ವರ್ಗಕ್ಕೆ ಜಾಗೃತಿ ಶಿಬಿರ ಮಾಡುವವರು ಯಾರಾದರೂ ಇದ್ದಾರೆಯೇ?

2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನುಕುರುಬ ಕುಟುಂಬಗಳು ತಮ್ಮನ್ನು ಹೊರಹಾಕಿದ್ದ ನಾಗರಹೊಳೆಯ ಜಾಗಕ್ಕೆ ಮರಳಿ ನಡೆದವು. ಅರಣ್ಯ ಹಕ್ಕು ಕಾಯ್ದೆ ಓದಿಕೊಂಡವರು, ಅದರಡಿ ಅರ್ಜಿ ಹಾಕಿದವರು, ಸಾಕಷ್ಟು ಕಾದವರು. ಅವರನ್ನು ಎದುರುಗೊಂಡಿದ್ದು ಪೊಲೀಸರು, ಅರಣ್ಯ ಸಿಬ್ಬಂದಿ. ಕಾನೂನಿನ ಕಲಂ ಹೇಳಿ ಹಕ್ಕು ಕೇಳುವವರು ಅತಿಕ್ರಮಣಕಾರರು, ಬಿದಿರ ಮತಗಟ್ಟೆಯಲ್ಲಿ ಬೆರಳೆತ್ತುವವರು ಪ್ರಜ್ಞಾವಂತ ನಾಗರಿಕರು!

ಆದಿವಾಸಿಗಳು ಭಾಗವಹಿಸುವುದಿಲ್ಲ ಎನ್ನುವ ಮಾತು, ಅಧಿಕಾರ ನಿಜವಾಗಿ ಅವರ ಕೈಗೆ ಬಂದಲ್ಲಿ ನಿಂತಲ್ಲೇ ಸುಳ್ಳಾಗಿದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಗ್ರಾಮಸಭೆಗಳನ್ನೇ ಕೇಳಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಕೇಳಿದ್ದು ಹನ್ನೆರಡು ಊರುಗಳನ್ನು. ಹನ್ನೆರಡೂ ಬೇಡ ಎಂದವು. ಮಹಾರಾಷ್ಟ್ರದ ಗಡ್‌ಚಿರೋಲಿಯ ಮೆಂಢಾ ಲೇಖಾ ಎಂಬ ಗೊಂಡರ ಊರು 2009ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದು, 2011ರಿಂದ ತನ್ನ ಬಿದಿರನ್ನು ತಾನೇ ಕಡಿದು, ಸಾಗಣೆ ಪರವಾನಗಿಯನ್ನೂ ತಾನೇ ಬರೆದು ಮಾರಿತು. ಅಷ್ಟು ದೂರ ಯಾಕೆ, ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರ ಅಕ್ಟೋಬರ್ 2ರಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಅದು ಹುಲಿ ಸಂರಕ್ಷಿತ ಪ್ರದೇಶವಾಗಿ ವರ್ಷವೂ ತುಂಬಿರಲಿಲ್ಲ. ಸೋಲಿಗರಿಗೆ ಹಕ್ಕು ಕೊಟ್ಟದ್ದಕ್ಕೆ ಹುಲಿ ಓಡಿಹೋಗಲಿಲ್ಲ.

ಹಾಡಿಯ ಹುಡುಗ ಹುಡುಗಿಯರು ನಿಲ್ಲಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ನಿಲ್ಲಲಿ, ಜೋರಾಗಿಯೇ ನಿಲ್ಲಲಿ. ಮೊದಲು ಅರಣ್ಯ ಹಕ್ಕು ಸಮಿತಿಗೆ. ಗ್ರಾಮಸಭೆಯೇ ಆರಿಸುವ ಹತ್ತರಿಂದ ಹದಿನೈದು ಮಂದಿಯ ಸಮಿತಿ ಅದು. ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರೇ ಇರಬೇಕು, ಮೂರನೇ ಒಂದು ಪಾಲು ಹೆಂಗಸರು. 2012ರ ತಿದ್ದುಪಡಿ ಬಂದ ಮೇಲೆ ಗ್ರಾಮಸಭೆಗೆ ಅರ್ಧದಷ್ಟು ಜನ ಸೇರಿದರೆ ಕೋರಂ. ಇಡೀ ಕರ್ನಾಟಕದಲ್ಲಿ ಹಾಡಿಯವರಿಗೆ ತಮ್ಮದೇ ಎನ್ನಬಹುದಾದ ಸರ್ಕಾರವಿದ್ದರೆ ಅದು ಇದೊಂದೇ. ಬ್ಯಾನರಿಲ್ಲ, ಠೇವಣಿಯಿಲ್ಲ, ಹೆಂಡ ಹಂಚಬೇಕಿಲ್ಲ. ಬಹುಶಃ ಅದಕ್ಕೇ ಇರಬೇಕು, ನಮ್ಮ ಉಪದೇಶಕರು ಇದಕ್ಕೆ ನಿಲ್ಲಿ ಎಂದು ಹೇಳುವುದನ್ನು ನಾನು ಕೇಳಿಲ್ಲ.

ಸಮಿತಿಗೆ ಬಂದವರು ಮೊದಲ ದಿನವೇ ಮಾಡಬೇಕಾದ ಕೆಲಸವಿದೆ. ನಡಾವಳಿ ಪುಸ್ತಕವನ್ನು ಪಂಚಾಯಿತಿ ಕಚೇರಿಯ ಬೀರುವಿನಿಂದ ಹೊರಗೆ ತರಿಸಿ, ಸಭೆಯನ್ನು ಹಾಡಿಯಲ್ಲೇ ಸೇರಿಸಬೇಕು. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣವನ್ನು ಬರಹದಲ್ಲಿ ಕೇಳಬೇಕು, ತೀರ್ಮಾನವಾದ ದಿನದಿಂದ ಅರವತ್ತು ದಿನದೊಳಗೆ ಮೇಲ್ಮನವಿ ಹಾಕಬೇಕು. ಮೇಲಿನ ಸಮಿತಿಯಲ್ಲಿ ನಮ್ಮ ಸದಸ್ಯರು ಯಾರು, ಅವರನ್ನು ಆರಿಸಿದ ಚುನಾವಣೆ ಯಾವಾಗ ಆಯಿತು ಎಂದು ಆ ಮನವಿಯಲ್ಲೇ ಕೇಳಬೇಕು. ಉತ್ತರಕ್ಕೆ ಸಹಿ ಹಾಕಬೇಕಾದವರು ಜಿಲ್ಲಾಧಿಕಾರಿ.