ಗೃಹಕಲೆ: ಸಂಕ್ರಾಂತಿಗೊಂದು ಹೂವಿನ ಪತ್ರ



ಸಂಕ್ರಾಂತಿಯು ಸಮೀಪಿಸಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಗೆ ಕುಸುರೆಳ್ಳಿನ ಸಂಗಡ ಶುಭಾಶಯ ಪತ್ರಗಳನ್ನು ಕೊಟ್ಟು ತೆಗೆದುಕೊಳ್ಳುವ ವಾಡಿಕೆಯುಂಟು. ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಪತ್ರವನ್ನು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಹೊರಡಿಸಿದರು. ಪತ್ರದ ಪದ್ಧತಿಯು ಹೊರಗಿನಿಂದ ಬಂದುದಾದರೂ, ಎಳ್ಳು-ಬೆಲ್ಲವನ್ನಿತ್ತು ಒಳ್ಳೆಯ ಮಾತನಾಡುವ ಬಗೆಯು ನಮ್ಮದೇ.

ಈಗ ಕತ್ತರಿಸಿದ ಕಾಗದದ ಹೂವು, ಎಲೆ, ಅಂಟುಗಳನ್ನು ಕೂಡಿಸಿಟ್ಟ ಪೆಟ್ಟಿಗೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಮಕ್ಕಳಿಗೆ ಅವು ಅನುಕೂಲವೇ ಸರಿ. ಆದರೆ ಅದಕ್ಕಾಗಿ ಹಣ ವೆಚ್ಚಮಾಡಲೇಬೇಕೆಂದಿಲ್ಲ. ದಪ್ಪ ಚಿತ್ರಕಾಗದ, ಬಣ್ಣದ ಕಾಗದದ ಚೂರುಗಳು, ಕತ್ತರಿ, ಅಂಟು, ಇಷ್ಟಿದ್ದರೆ ಸಾಕು. ಲಕೋಟೆಯ ಅಳತೆಯನ್ನು ಮೊದಲು ನೋಡಿಕೊಂಡು ತರುವಾಯ ಪತ್ರವನ್ನು ಮಡಿಸಬೇಕು. ಐದೆಸಳಿನ ಹೂವನ್ನು ದೊಡ್ಡದು, ನಡುವಿನದು, ಸಣ್ಣದು ಎಂದು ಮೂರಳತೆಯಲ್ಲಿ ಕತ್ತರಿಸಿ, ಎಸಳುಗಳನ್ನು ಪೆನ್ಸಿಲಿಗೆ ಸುತ್ತಿ ಬಾಗಿಸಿರಿ. ಒಂದರ ಮೇಲೊಂದಿಟ್ಟು ನಡುವೆ ಮಾತ್ರ ಅಂಟು ಹಚ್ಚಿರಿ. ಎಸಳಿಗೂ ಹಚ್ಚಿದರೆ ಹೂವು ಅರಳದು.

ಇಂಥ ಉಬ್ಬು ಹೂವು ಕೈಯಿಂದ ಕೊಡುವ ಪತ್ರಕ್ಕೆ ಯೋಗ್ಯವು. ಅಂಚೆಯಲ್ಲಿ ಅದು ಮುದ್ರೆಯ ಪೆಟ್ಟಿಗೆ ಸಿಕ್ಕು ನಲುಗುವದು. ಅಂಚೆಗೆ ಒಣಗಿಸಿದ ಹೂವೇ ಲೇಸು. ಸೇವಂತಿಗೆಯಂಥ ದಪ್ಪ ಹೂವಿನ ಎಸಳುಗಳನ್ನು ಬಿಡಿಸಿ, ಹಳೆಯ ವೃತ್ತಪತ್ರಿಕೆಯ ನಡುವೆ ಹರವಿ, ಮೇಲೆ ಭಾರವಿಡಬೇಕು. ಎರಡು ದಿನಕ್ಕೊಮ್ಮೆ ಕಾಗದವನ್ನು ಬದಲಿಸದಿದ್ದರೆ ಬೂಸಲು ಹಿಡಿಯುವದು. ಹತ್ತು ದಿನ ಬೇಕಾಗುವದರಿಂದ ಹೊಸ ವರ್ಷದ ಮೊದಲ ದಿನವೇ ಕೆಲಸ ಹಿಡಿಯುವದು ಒಳಿತು.

ಹೋದ ವರ್ಷ ಗಬ್ಬೂರಿನ ನಮ್ಮ ನೆರೆಯ ಹಿರಿಯ ತಾಯಿಯೊಬ್ಬರು ನಾನು ಪತ್ರ ಮಾಡುವದನ್ನು ನೋಡುತ್ತ ಕುಳಿತಿದ್ದರು. ಹೊಲದ ಪಾಲಿನ ಜಗಳದಿಂದ ಅವರಿಗೂ ಅವರ ತಮ್ಮನಿಗೂ ಆರು ವರ್ಷ ಮಾತಿರಲಿಲ್ಲ. "ನಿಮ್ಮ ತಮ್ಮಗೂ ಒಂದು ಮಾಡೂಣೇನ್ರಿ, ಅಮ್ಮಾ?" ಎಂದು ಕೇಳಿದೆ. "ಏನಂತ ಬರೀಲವಾ? ಆಡಬಾರದ್ದೆಲ್ಲಾ ಆಡೇನಿ" ಎಂದವರೇ ಎದ್ದು ಹೋದರು. ಮರುದಿನ ಸೆರಗಿನಲ್ಲಿ ಕುಸುಬೆಯ ಹೂವು ಕಟ್ಟಿಕೊಂಡು ಬಂದರು. ಅದು ಅದೇ ಹೊಲದ, ಜೋಳದ ನಡುವಿನ ಅಕ್ಕಡಿಯ ಹೂವು. ಮುಳ್ಳಿನ ಬುಡವನ್ನು ಬಿಟ್ಟು ಕೇಸರಿ ಎಳೆಗಳನ್ನಷ್ಟೇ ಆಯ್ದು ಒಣಗಿಸಿದೆವು. ಪತ್ರದ ಒಳಗೆ ಅವರು ಬರೆಯಿಸಿದ್ದು ಒಂದೇ ಮಾತು: "ತಮ್ಮಾ, ಹೊಲದಾಗ ಕುಸುಬಿ ಹೂ ಬಿಟ್ಟಾವ."

ಉತ್ತರವು ಬರಲಿಲ್ಲ. ಹಬ್ಬವಾಗಿ ಮೂರನೆಯ ದಿನ ತಮ್ಮನ ಮೊಮ್ಮಗನು ಬಂದು ಒಂದು ಕಾಗದದ ಪೊಟ್ಟಣವನ್ನಿತ್ತು ಓಡಿಹೋದನು. ಅದರಲ್ಲಿ ಕುಸುರೆಳ್ಳು ಇತ್ತು. ಆ ತಾಯಿಯವರು ಅದರಿಂದ ನಾಲ್ಕು ಕಾಳನ್ನು ನನ್ನ ಕೈಗೂ ಹಾಕಿದರು.

ಹೊಲದ ವ್ಯಾಜ್ಯವು ಇನ್ನೂ ಹಾಗೆಯೇ ಇದೆ. ಮಾತು ಮಾತ್ರ ಆರಂಭವಾಗಿದೆ. ಈ ಸಲ ತಾವು ಪತ್ರಗಳನ್ನು ಮಾಡಲು ಕುಳಿತಾಗ, ಬರೆಯಲು ಎಲ್ಲಕ್ಕೂ ಕಠಿಣವೆನಿಸುವ ವಿಳಾಸವನ್ನೇ ಮೊದಲು ಬರೆಯಿರಿ.